ಕಪಾಟಿಗೆ ವಾರ್ನಿಶ್ ಹಚ್ಚೋಣ ಬನ್ನಿ

ನಮ್ಮ ಮನೆಯಲ್ಲಿ ಕಟ್ಟಿಗೆಯ ಸಾಮಾನು ಎಷ್ಟಿದೆ? ಒಮ್ಮೆ ಲೆಕ್ಕ ಹಾಕೋಣ. ಬಾಗಿಲು ಇದೆ. ಕಿಟಕಿ ಇದೆ. ಗೋಡೆಗೆ ಹೊಡೆದ ಹಲಗೆ ಇದೆ. ಅಡಿಗೆ ಮನೆಯಲ್ಲಿ ಡಬ್ಬಿ ಇಡುವ ರ‍್ಯಾಕು ಇದೆ. ಕೆಲವರ ಮನೆಯಲ್ಲಿ ಹಳೆಯ ಸಾಗವಾನಿ ಕಪಾಟು ಇದೆ. ಅತ್ತೆಯ ಕಾಲದ್ದು. ಅದರಲ್ಲಿ ಸೀರೆ ಇವೆ. ಮಕ್ಕಳ ಪುಸ್ತಕ ಇವೆ. ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಅದರಲ್ಲೇ ಇವೆ.

ನಮ್ಮ ಕಲಬುರಗಿ ಕಡೆ ಕಲ್ಲಿಗೆ ಕೊರತೆ ಇಲ್ಲ. ಶಹಾಬಾದಿನ ಪರಸಿ ಕಲ್ಲು ಹತ್ತಿರದಲ್ಲೇ ಸಿಗುತ್ತದೆ. ನೆಲಕ್ಕೂ ಅದೇ. ಅಡಿಗೆ ಕಟ್ಟೆಗೂ ಅದೇ. ಗೋಡೆಯ ಗೂಡಿಗೂ ಅದೇ. ಕಲ್ಲಿಗೆ ಏನೂ ಹಚ್ಚಬೇಕಾಗಿಲ್ಲ. ಆದರೆ ಕಟ್ಟಿಗೆ ಹಾಗಲ್ಲ. ಕಟ್ಟಿಗೆ ಈಗ ಬಹಳ ತುಟ್ಟಿ. ಒಂದು ಕಪಾಟು ಹಾಳಾದರೆ ಇನ್ನೊಂದು ಮಾಡಿಸುವುದು ಸುಲಭ ಇಲ್ಲ. ಇದ್ದದ್ದನ್ನು ಉಳಿಸಿಕೊಳ್ಳಬೇಕು.

ಅದಕ್ಕೆ ವಾರ್ನಿಶ್ ಹಚ್ಚುತ್ತಾರೆ. "ಅದು ಗಂಡಸರ ಕೆಲಸ, ಪೇಂಟರ್ ಕೆಲಸ" ಅಂತ ನಾವು ಸುಮ್ಮನಿರ್ತೀವಿ. ಹೌದೇನು? ಗೋಡೆ ಸಾರಿಸೋರು ಯಾರು? ಸುಣ್ಣ ಹಚ್ಚೋರು ಯಾರು? ನಾವೇ ಅಲ್ಲವೇ? ವಾರ್ನಿಶ್ ಅದಕ್ಕಿಂತ ಕಷ್ಟದ ಕೆಲಸ ಏನಲ್ಲ. ಆದರೆ ಅದಕ್ಕೊಂದು ರೀತಿ ಇದೆ. ಅದರಲ್ಲಿ ಅಪಾಯವೂ ಇದೆ. ಎರಡನ್ನೂ ತಿಳಿದುಕೊಳ್ಳೋಣ.

ಕಟ್ಟಿಗೆ ನೀರು ಕುಡಿಯುತ್ತದೆ

ಮಳೆಗಾಲದಲ್ಲಿ ಬಾಗಿಲು ಬಿಗಿ ಆಗುತ್ತದೆ. ಭುಜ ಕೊಟ್ಟು ತಳ್ಳಬೇಕು. ಬೇಸಿಗೆ ಬಂತು ಅಂದರೆ ಅದೇ ಬಾಗಿಲು ಸಡಿಲ. ಸಂದಿನಲ್ಲಿ ಬೆಳಕು ಕಾಣುತ್ತದೆ. ಯಾಕೆ ಹೀಗೆ?

ಗಿಡ ಕಡಿದು ಎಷ್ಟು ವರ್ಷ ಆಗಿದ್ದರೂ ಕಟ್ಟಿಗೆಗೆ ನೀರಿನ ದಾಹ ಹೋಗುವುದಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಕುಡಿಯುತ್ತದೆ. ಆಗ ಉಬ್ಬುತ್ತದೆ. ಗಾಳಿ ಒಣಗಿದ್ದರೆ ಕುಡಿದ ನೀರು ಬಿಡುತ್ತದೆ. ಆಗ ಕುಗ್ಗುತ್ತದೆ. ನಮ್ಮ ಕಡೆ ಬೇಸಿಗೆ ಹ್ಯಾಂಗಿರ್ತದ ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಮೇಲೆ ಜೂನ್‌ನಲ್ಲಿ ಮಳೆ. ಹೀಗೆ ವರ್ಷ ವರ್ಷ ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ ಹಲಗೆ ಸೀಳುತ್ತದೆ. ಸೊಟ್ಟ ಆಗುತ್ತದೆ. ಅಡಿಗೆ ಮನೆಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಹಬೆ ಇದೆ. ಎಣ್ಣೆಯ ಹೊಗೆ ಇದೆ. ತೊಳೆದ ಪಾತ್ರೆಯಿಂದ ಸೋರುವ ನೀರು ಇದೆ.

ವಾರ್ನಿಶ್ ಅಂದರೆ ಕಟ್ಟಿಗೆಗೆ ಹೊದಿಸುವ ತೆಳ್ಳನೆಯ ಪೊರೆ. ಅದು ನೀರು ಒಳಗೆ ಹೋಗುವುದನ್ನು ಬಹಳ ನಿಧಾನ ಮಾಡುತ್ತದೆ. ಎಣ್ಣೆ ಜಿಡ್ಡು ಒಳಗೆ ಇಳಿಯಲು ಬಿಡುವುದಿಲ್ಲ. ಒರೆಸಿದರೆ ಹೋಗುತ್ತದೆ. ಹೊಳಪು ಬರುತ್ತದೆ, ನಿಜ. ಆದರೆ ಹೊಳಪು ಎರಡನೇ ಮಾತು. ಮೊದಲ ಮಾತು ನೀರಿನದು.

ಇದನ್ನು ಮರೆತರೆ ಏನಾಗುತ್ತದೆ ನೋಡಿ. ಬಹಳ ಜನ ಕಾಣುವ ಕಡೆ ಮಾತ್ರ ಹಚ್ಚುತ್ತಾರೆ. ಹಲಗೆಯ ಮೇಲೆ ಮೂರು ಸಲ. ಕೆಳಗೆ ಒಂದು ಸಲವೂ ಇಲ್ಲ. ಕಪಾಟಿನ ಮುಂದೆ ಥಳಥಳ. ಹಿಂದೆ ಬರೀ ಕಟ್ಟಿಗೆ. ಆ ಬರಿಯ ಬದಿ ಗೋಡೆಯ ತೇವ ಕುಡಿಯುತ್ತದೆ. ಮುಂದಿನ ಬದಿ ಕುಡಿಯುವುದಿಲ್ಲ. ಒಂದು ಬದಿ ಉಬ್ಬಿತು, ಇನ್ನೊಂದು ಉಬ್ಬಲಿಲ್ಲ. ಆಗ ಹಲಗೆ ಒಲೆಯ ಮೇಲಿನ ಹಪ್ಪಳದ ಹಾಗೆ ಮಡಚುತ್ತದೆ. ಅದಕ್ಕೇ ಹೇಳೋದು, ಕಾಣದ ಬದಿಗೂ ಹಚ್ಚಬೇಕು. ಹಲಗೆಯ ಕೊಯ್ದ ತುದಿಗೆ ಇನ್ನೂ ಒಂದು ಸಲ ಹೆಚ್ಚು ಹಚ್ಚಬೇಕು. ಗಿಡ ನೀರು ಏರಿಸಿಕೊಳ್ಳುವ ಸಣ್ಣ ಸಣ್ಣ ಕೊಳವೆಗಳ ಬಾಯಿ ಆ ತುದಿಯಲ್ಲೇ ತೆರೆದಿರುತ್ತದೆ.

ವಾರ್ನಿಶ್ ಯಾವುದರಿಂದ ಆಗುತ್ತದೆ?

ಅಗಸಿ ನಮಗೆ ಹೊಸದಲ್ಲ. ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಊಟ ಇಲ್ಲ. ಅದೇ ಅಗಸಿಯ ಎಣ್ಣೆಯಿಂದ ಹಿಂದಿನಿಂದಲೂ ವಾರ್ನಿಶ್ ಮಾಡುತ್ತಾರೆ. ಯಾಕೆ ಅಗಸಿಯೇ? ಶೇಂಗಾ ಎಣ್ಣೆ ಯಾಕಲ್ಲ? ಕಟ್ಟಿಗೆಗೆ ಶೇಂಗಾ ಎಣ್ಣೆ ಹಚ್ಚಿ ನೋಡಿ. ತಿಂಗಳಾದರೂ ಜಿಗಟು. ಧೂಳು ಹಿಡಿಯುತ್ತದೆ. ಕಮಟು ವಾಸನೆ ಬರುತ್ತದೆ. ಅಗಸಿ ಎಣ್ಣೆ ಹಾಗಲ್ಲ. ಅದು ಗಾಳಿಯನ್ನು ಹೀರಿಕೊಂಡು ತಾನೇ ಗಟ್ಟಿ ಆಗುತ್ತದೆ. ಪೊರೆ ಕಟ್ಟುತ್ತದೆ. ಈ ಗುಣ ಎಲ್ಲ ಎಣ್ಣೆಗೂ ಇಲ್ಲ. ಇಂಥ ಎಣ್ಣೆಗೆ ರಾಳ ಸೇರಿಸಿ ಕಾಯಿಸಿದರೆ ವಾರ್ನಿಶ್. ಈಗ ರಾಳದ ಬದಲು ಕಾರ್ಖಾನೆಯಲ್ಲಿ ತಯಾರಾದ ಅಂಟು ಹಾಕುತ್ತಾರೆ. ತೆಳ್ಳಗೆ ಮಾಡಲು ತಾರ್ಪಿನ್ ಎಣ್ಣೆಯಂಥದು ಸೇರಿಸುತ್ತಾರೆ.

ಅರಗಿನ ಪಾಲಿಶ್ ಬೇರೆ. ಅರಗು ಒಂದು ಸಣ್ಣ ಹುಳ ಮಾಡುವ ಅಂಟು. ಮುತ್ತಲ ಗಿಡ, ಬಾರಿ ಗಿಡದ ಟೊಂಗೆಯ ಮೇಲೆ ಆ ಹುಳ ಬದುಕುತ್ತದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಅರಿವೆಯಿಂದ ತಿಕ್ಕುತ್ತಾರೆ. ಬಡಿಗರು ಇದನ್ನು ಚೆನ್ನಾಗಿ ಬಲ್ಲರು. ಚನ್ನಪಟ್ಟಣದ ಗೊಂಬೆಗಳ ಬಣ್ಣವೂ ಅರಗಿನದೇ. ಅರಗಿನ ಪಾಲಿಶ್ ನೋಡಲು ಬಹಳ ಚೆಂದ. ಆದರೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ನೀರು ನಿಂತರೂ ಬೀಳುತ್ತದೆ. ಸೀರೆ ಕಪಾಟಿಗೆ ಅದು ಛಲೋ. ಅಡಿಗೆ ಮನೆಗೆ ಬೇಡ.

ಇಲ್ಲಿ ಒಂದು ಸಂಗತಿ ಹೇಳಬೇಕು. ಮತ ಹಾಕಲು ಹೋದಾಗ ಎಡಗೈ ಬೆರಳಿಗೆ ಶಾಯಿ ಹಚ್ಚುತ್ತಾರಲ್ಲ? ಆ ಶಾಯಿ ಎಲ್ಲಿಂದ ಬರುತ್ತದೆ ಗೊತ್ತೇ? ನಮ್ಮ ಮೈಸೂರಿನಿಂದ. 1937 ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹಾಕಿಸಿದರು. ಈಗ ಅದು ರಾಜ್ಯ ಸರ್ಕಾರದ ಕಂಪನಿ. ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. 1962 ರ ಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿ ಅಲ್ಲಿಂದಲೇ ಹೋಗುತ್ತಿದೆ. ಅಂದರೆ ವಾರ್ನಿಶ್ ಕಾರ್ಖಾನೆಯ ಗುರುತು ನಮ್ಮೆಲ್ಲರ ಬೆರಳಿನ ಮೇಲೆ ಒಮ್ಮೆಯಾದರೂ ಬಿದ್ದಿದೆ!

ತುಪ್ಪದಂಥ ವಾರ್ನಿಶ್

ಮಾಮೂಲಿ ವಾರ್ನಿಶ್ ಕಾಕಂಬಿಯ ಹಾಗೆ ಹರಿಯುತ್ತದೆ. ಬ್ರಷ್‌ನಿಂದ ಹಚ್ಚುತ್ತಾರೆ. ಮಲಗಿಸಿದ ಹಲಗೆಗೆ ಇದು ಸರಿ. ಆದರೆ ನಿಂತ ಕಪಾಟಿನ ಬಾಗಿಲಿಗೆ? ಕೆಳಗೆ ಇಳಿಯುತ್ತದೆ. ಕಣ್ಣೀರಿನ ಹಾಗೆ ಗೆರೆ ಬೀಳುತ್ತದೆ. ಹೊಸಬರಿಗೆ ಇದೇ ದೊಡ್ಡ ತೊಂದರೆ.

ಜೆಲ್ ವಾರ್ನಿಶ್ ಅಂತ ಇನ್ನೊಂದು ಬಗೆ ಇದೆ. ಅದು ಹರಿಯುವುದಿಲ್ಲ. ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಇರುತ್ತದೆ. ಅರಿವೆಯಿಂದ ತೆಗೆದು ಕಟ್ಟಿಗೆಗೆ ತಿಕ್ಕುವುದು. ಆಮೇಲೆ ಹೆಚ್ಚಾದದ್ದನ್ನು ಒರೆಸುವುದು. ಬ್ರಷ್ ಬೇಡ. ಗೆರೆ ಬೀಳುವುದಿಲ್ಲ. ಕೈಗೆ ಎಣ್ಣೆ ತಿಕ್ಕಿ ರೂಢಿ ಇರುವ ನಮಗೆ ಇದು ಒಗ್ಗುವ ಕೆಲಸ. ಒಂದು ಸಲಕ್ಕೆ ಕೂಡುವ ಪೊರೆ ಬಹಳ ತೆಳ್ಳಗೆ. ಅದಕ್ಕೆ ಮೂರು ಸಲ ಬೇಕು. ಅಡಿಗೆ ಮನೆಯದಕ್ಕೆ ನಾಲ್ಕು ಸಲ.

ಆದರೆ ಜೆಲ್ ವಾರ್ನಿಶ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಏನು ಮಾಡೋಣ? ಚಿಂತೆ ಬೇಡ. ಎಣ್ಣೆಯ ಮಾಮೂಲಿ ವಾರ್ನಿಶ್ ತನ್ನಿ. ಒಂದು ಬಟ್ಟಲು ವಾರ್ನಿಶ್‌ಗೆ ಒಂದು ಬಟ್ಟಲು ತಾರ್ಪಿನ್ ಕಲಸಿ. ಅದನ್ನೂ ಅರಿವೆಯಿಂದ ತಿಕ್ಕಿ ಹಚ್ಚಬಹುದು. ಇದು ನೀರಿನ ಹಾಗೆ ತೆಳ್ಳಗೆ ಇರುತ್ತದೆ. ಬಹಳ ಕಡಿಮೆ ಹಚ್ಚುವುದರಿಂದ ಗೆರೆ ಬೀಳುವುದಿಲ್ಲ. ಕಲಸಲು ಬಳಸಿದ ಬಟ್ಟಲನ್ನು ಮತ್ತೆ ಅಡಿಗೆಗೆ ಬಳಸಬಾರದು. ಹಳೆಯ ಡಬ್ಬಿಯೇ ಸಾಕು.

ನೀರಿನ ವಾರ್ನಿಶ್ ಕೂಡ ಈಗ ಬರುತ್ತದೆ. ಅದರ ವಾಸನೆ ಕಡಿಮೆ. ಬ್ರಷ್ ನೀರಿನಲ್ಲೇ ತೊಳೆಯಬಹುದು. ಅದಕ್ಕೆ ತಾರ್ಪಿನ್ ಹಾಕಬಾರದು. ಹಾಕಿದರೆ ಕೆಟ್ಟು ಹೋಗುತ್ತದೆ.

ಅಂಗಡಿಯಲ್ಲಿ ಡಬ್ಬಿ ಓದೋಣ

ನಾವು ಈಗ ಓದಲು ಕಲಿತಿದ್ದೇವೆ. ಅಂಗಡಿಯಲ್ಲಿ ಅದನ್ನು ಬಳಸೋಣ. ವಾರ್ನಿಶ್ ಡಬ್ಬಿಯ ಮೇಲೆ ಬಹಳ ಸಲ ಇಂಗ್ಲಿಷ್, ಹಿಂದಿ ಬರಹ ಇರುತ್ತದೆ. ಹೆದರಬೇಡಿ. ಅಂಕಿಗಳು ಇರುತ್ತವೆ. ಅಂಕಿ ಎಲ್ಲ ಭಾಷೆಗೂ ಒಂದೇ.

ಮೊದಲು ಅಳತೆ ನೋಡಿ. 500 ಮಿ.ಲೀ. ಅಂದರೆ ಅರ್ಧ ಲೀಟರ್. ಆಮೇಲೆ ಬೆಲೆ. ಎಂ.ಆರ್.ಪಿ. ಅಂತ ಇರುತ್ತದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ. ಕಡಿಮೆ ಮಾಡಿ ಅಂತ ಕೇಳಬಹುದು. ಆಮೇಲೆ ತಯಾರಾದ ತಿಂಗಳು ಮತ್ತು ವರ್ಷ. ಬಹಳ ಹಳೆಯದು ಬೇಡ. ಹಳೆಯ ವಾರ್ನಿಶ್ ಸರಿಯಾಗಿ ಒಣಗುವುದಿಲ್ಲ. ಬೆಂಕಿಯ ಚಿತ್ರ ಇದೆಯೇ ನೋಡಿ. ಇದ್ದರೆ ಅದು ಬೆಂಕಿ ಹತ್ತುವ ವಸ್ತು. ಬೇರೆ ಬರಹವನ್ನು ಶಾಲೆಗೆ ಹೋಗುವ ಮಗಳಿಂದ ಓದಿಸಿರಿ. ಅಂಗಡಿಯವರನ್ನೂ ಕೇಳಿರಿ. ಕೇಳಲು ನಾಚಿಕೆ ಯಾಕೆ?

ಎಷ್ಟು ಬೇಕು? ಇದನ್ನು ಮನೆಯಲ್ಲೇ ಲೆಕ್ಕ ಮಾಡಿ ಹೋಗಬೇಕು. ಒಂದು ಕಪಾಟು ಇದೆ ಅನ್ನಿ. ಎತ್ತರ 5 ಅಡಿ. ಅಗಲ 3 ಅಡಿ. ಆಳ 1 ಅಡಿ. ಮುಂದಿನ ಭಾಗ 5 ಗುಣಿಲೆ 3, ಅಂದರೆ 15 ಚದರ ಅಡಿ. ಹಿಂದಿನದೂ 15. ಎರಡು ಪಕ್ಕ, ಒಂದೊಂದು 5, ಒಟ್ಟು 10. ಮೇಲೆ 3, ಕೆಳಗೆ 3. ಎಲ್ಲ ಕೂಡಿದರೆ 46. ಮೂರು ಸಲ ಹಚ್ಚಿದರೆ 138 ಚದರ ಅಡಿ. ಒಂದು ಲೀಟರ್ ವಾರ್ನಿಶ್ ಸುಮಾರು 100 ಚದರ ಅಡಿಗೆ ಒಂದು ಸಲ ಸಾಕಾಗುತ್ತದೆ. ಅಂದರೆ ಒಂದೂವರೆ ಲೀಟರ್ ಸಾಕು. ಅರಿವೆಯಿಂದ ತೆಳ್ಳಗೆ ತಿಕ್ಕಿದರೆ ಇನ್ನೂ ಕಡಿಮೆ. ಒಳಗಿನ ಹಲಗೆಗಳಿಗೆ ಹೀಗೆಯೇ ಬೇರೆ ಲೆಕ್ಕ ಮಾಡಿ ಕೂಡಿಸಿ. ಕೆಲಸಕ್ಕೆ ಬಂದವರು "ಐದು ಲೀಟರ್ ತರಿಸ್ರಿ ಅಕ್ಕಾ" ಅಂದರೆ ಈ ಲೆಕ್ಕ ಬರೆದ ಚೀಟಿ ಮುಂದಿಡಿ.

ಕಮಲಾಪುರದ ಅಕ್ಕಂದಿರಿಗೆ ಒಂದು ಮಾತು. ನಿಮ್ಮೂರಲ್ಲೇ ಸಿಕ್ಕರೆ ಅಲ್ಲೇ ಕೊಳ್ಳಿ. ಬೆಂಕಿ ಹತ್ತುವ ವಸ್ತುವನ್ನು ಬಸ್ಸಿನಲ್ಲಿ ಒಯ್ಯಬಾರದು ಅಂತ ನಿಯಮ ಇದೆ. ಅದು ನಮ್ಮ ಜೀವಕ್ಕಾಗಿ ಇರುವ ನಿಯಮ.

ಯಾವಾಗ ಹಚ್ಚಬೇಕು?

ಮಳೆಗಾಲದಲ್ಲಿ ಬೇಡ. ಗಾಳಿಯಲ್ಲಿ ತೇವ ಇದ್ದರೆ ಬೇಗ ಒಣಗದು. ಅರಗಿನ ಪಾಲಿಶ್ ಆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಮೇ ತಿಂಗಳ ಮಧ್ಯಾಹ್ನವೂ ಬೇಡ. ಹಚ್ಚುತ್ತಾ ಇರುವಾಗಲೇ ಅಂಟಾಗಿ ಅರಿವೆ ಹಿಡಿಯುತ್ತದೆ. ಬಿಸಿಲಿಗೆ ಇಟ್ಟರೆ ಗುಳ್ಳೆ ಏಳುತ್ತದೆ.

ದೀಪಾವಳಿಯಿಂದ ಹೋಳಿ ಹುಣ್ಣಿಮೆಯವರೆಗೆ ಹವೆ ಛಲೋ ಇರುತ್ತದೆ. ಆದರೆ ನಮ್ಮ ಜಿಲ್ಲೆ ತೊಗರಿಯ ಜಿಲ್ಲೆ. ತೊಗರಿ ರಾಶಿ ನಡೆದಾಗ ಊರ ತುಂಬ ಧೂಳು. ಹಸಿ ವಾರ್ನಿಶ್ ಮೇಲೆ ಧೂಳು ಕೂತರೆ ಕೈಗೆ ರವೆಯ ಹಾಗೆ ಹತ್ತುತ್ತದೆ. ನಮಗೂ ಆಗ ಕೈಬಿಡುವು ಇರುವುದಿಲ್ಲ. ಹೀಗಾಗಿ ರಾಶಿ ಮುಗಿದ ಮೇಲೆ, ಶರಣಬಸವೇಶ್ವರ ಜಾತ್ರೆಯ ಒಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಕಸ ಗುಡಿಸಿ ಒಂದು ತಾಸು ಬಿಡಿ. ಧೂಳು ಕೆಳಗೆ ಕೂಡಲಿ. ಆಮೇಲೆ ಶುರು ಮಾಡಿ.

ತಿಕ್ಕುವ ಕೆಲಸವೇ ಅರ್ಧ ಕೆಲಸ

ಮೊದಲು ಕಪಾಟು ಖಾಲಿ ಮಾಡಿ. ಹಿಡಿಕೆ, ಕೊಂಡಿ ಬಿಚ್ಚಿ ಇಡಿ. ಅಡಿಗೆ ಮನೆಯ ರ‍್ಯಾಕಿನ ಮೇಲೆ ಎಣ್ಣೆ ಜಿಡ್ಡು ಇರುತ್ತದೆ. ಜಿಡ್ಡಿನ ಮೇಲೆ ವಾರ್ನಿಶ್ ನಿಲ್ಲದು. ಬಿಸಿ ನೀರಿನಲ್ಲಿ ಸಾಬೂನಿನ ಪುಡಿ ಹಾಕಿ ಅರಿವೆ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನಲ್ಲಿ ಒರೆಸಿ. ನೀರು ಸುರಿದು ತೊಳೆಯಬೇಡಿ. ಎರಡು ದಿನ ನೆರಳಲ್ಲಿ ಒಣಗಲಿ.

ಕಟ್ಟಿಗೆಯಲ್ಲಿ ಸಣ್ಣ ತೂತು ಇವೆಯೇ? ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತದೆಯೇ? ಹುಳ ಹತ್ತಿದೆ. ಮಣ್ಣಿನ ಗೆರೆ ಇದೆಯೇ? ಗೆದ್ದಲು ಬಂದಿದೆ. ವಾರ್ನಿಶ್ ಹುಳಕ್ಕೆ ಔಷಧ ಅಲ್ಲ. ಮೇಲೆ ಹಚ್ಚಿ ಮುಚ್ಚಿದರೆ ಒಳಗೆ ತಿನ್ನುತ್ತಲೇ ಇರುತ್ತದೆ. ಮೊದಲು ಹುಳಕ್ಕೆ ಔಷಧ ಹಾಕಿಸಬೇಕು. ಗೋಡೆಯ ತೇವ ನಿಲ್ಲಿಸಬೇಕು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಬೇಕು.

ಇನ್ನು ಉಪ್ಪು ಕಾಗದ. ಪಾಲಿಶ್ ಪೇಪರ್ ಅಂದರೂ ಕೊಡುತ್ತಾರೆ. ಅದರ ಬೆನ್ನ ಮೇಲೆ ಅಂಕಿ ಇರುತ್ತದೆ. 80, 120, 220 ಹೀಗೆ. ಅಂಕಿ ಸಣ್ಣದಾದರೆ ಕಾಗದ ಉರುಟು. ಅಂಕಿ ದೊಡ್ಡದಾದರೆ ಕಾಗದ ನುಣುಪು. ಉಲ್ಟಾ ಲೆಕ್ಕ ಅನ್ನಿಸ್ತದ. ನೆನಪಿಟ್ಟುಕೊಂಡರೆ ಆಯಿತು. ಮೊದಲು 120, ಆಮೇಲೆ 220 ಸಾಕು. ಕಟ್ಟಿಗೆಯಲ್ಲಿ ಎಳೆ ಇರುತ್ತದೆ. ಎಳೆ ಯಾವ ಕಡೆ ಓಡುತ್ತದೋ ಆ ಕಡೆಯೇ ತಿಕ್ಕಬೇಕು. ಅಡ್ಡ ತಿಕ್ಕಿದರೆ ಗೀರು ಬೀಳುತ್ತದೆ. ಬರೀ ಕಟ್ಟಿಗೆಯಲ್ಲಿ ಗೀರು ಕಾಣುವುದಿಲ್ಲ. ವಾರ್ನಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಮೂಗಿಗೆ ಸೆರಗಲ್ಲ, ಮಾಸ್ಕ್ ಕಟ್ಟಿಕೊಳ್ಳಿ. ಕೊನೆಗೆ ಒದ್ದೆ ಅರಿವೆಯಿಂದ ಪುಡಿ ಒರೆಸಿ ಒಣಗಿಸಿ.

ಹಳೆಯ ಬಣ್ಣ ಇದ್ದರೆ ಜೋಕೆ

ಕಪಾಟಿಗೆ ಮೊದಲೇ ಯಾರೋ ಹಸಿರು, ಹಳದಿ ಬಣ್ಣ ಹಚ್ಚಿರಬಹುದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಸೀಸ ಅಂದರೆ ವಿಷ. ಸಣ್ಣ ಮಕ್ಕಳ ಮಿದುಳಿಗೆ ಕೆಟ್ಟದ್ದು. ಹೊಟ್ಟೆಯಲ್ಲಿರುವ ಕೂಸಿಗೂ ಕೆಟ್ಟದ್ದು. ಮಗು ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ. ಆಮೇಲೆ ಅದನ್ನು ಸರಿ ಮಾಡಲು ಆಗುವುದಿಲ್ಲ.

ನಮ್ಮ ದೇಶದಲ್ಲಿ 2016 ರಲ್ಲಿ ಇದಕ್ಕೆ ನಿಯಮ ಬಂತು. 2017 ರ ನವೆಂಬರ್‌ನಿಂದ ಜಾರಿ ಆಯಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು. ಅದಕ್ಕಿಂತ ಮೊದಲು ಹಚ್ಚಿದ ಬಣ್ಣವನ್ನು ನಂಬಬೇಡಿ. ಅದನ್ನು ಒಣಗಿದ ಹಾಗೇ ಕೆರೆಯಬಾರದು. ಪುಡಿ ಹಾರುತ್ತದೆ. ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ನೀರು ಹಚ್ಚಿ, ಒದ್ದೆ ಮಾಡಿ ತಿಕ್ಕಬೇಕು. ನೀರಲ್ಲಿ ತಿಕ್ಕುವ ಕಾಗದ ಬೇರೆ ಸಿಗುತ್ತದೆ. ಅದೇ ಬೇಕು ಅಂತ ಕೇಳಿ. ಕೆಳಗೆ ಪ್ಲಾಸ್ಟಿಕ್ ಹಾಸಿ. ಕೆಸರನ್ನು ಅದರಲ್ಲೇ ಸುತ್ತಿ ಕಟ್ಟಿ. ಬಸುರಿ ಹೆಂಗಸರು ಈ ಕೆಲಸ ಮಾಡಬಾರದು. ಮಕ್ಕಳು ಹತ್ತಿರ ಇರಬಾರದು. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯದೇ ಬಿಡುವುದೇ ಮೇಲು.

ಇನ್ನೊಂದು ಮಾತು. ಮುರಿದ ಕಿಟಕಿ, ಹಳೆಯ ಬಾಗಿಲಿನ ತುಂಡು ಮನೆಯಲ್ಲಿ ಇರುತ್ತವೆ. ನೀರು ಕಾಯಿಸಲು ಒಲೆಗೆ ಹಾಕುತ್ತೇವೆ. ಬಣ್ಣ ಹಚ್ಚಿದ ಕಟ್ಟಿಗೆಯನ್ನು ಒಲೆಗೆ ಹಾಕಲೇಬಾರದು. ಸೀಸ ಹೊಗೆಯಲ್ಲಿ ಬರುತ್ತದೆ. ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಿಂದ ನಾವು ಪಾತ್ರೆ ತಿಕ್ಕುತ್ತೇವೆ.

ಹಚ್ಚುವುದು ಹೀಗೆ

ಹಳೆಯ ಹತ್ತಿ ಅರಿವೆ ತಗೊಳ್ಳಿ. ಮಗುವಿನ ಬನಿಯನ್ ಆದರೆ ಬಹಳ ಛಲೋ. ನೂಲು ಉದುರಬಾರದು. ಕೈಗೆ ರಬ್ಬರ್ ಚೀಲ ಹಾಕಿಕೊಳ್ಳಿ. ಬಾಗಿಲು ಕಿಟಕಿ ತೆರೆದಿಡಿ. ಒಲೆ, ಗ್ಯಾಸು, ದೇವರ ದೀಪ, ಊದಿನಕಡ್ಡಿ ಯಾವುದೂ ಉರಿಯುತ್ತಿರಬಾರದು. ಮನೆಯವರಿಗೆ ಬೀಡಿ ಹೊರಗೆ ಸೇದಲು ಹೇಳಿ.

ಅರಿವೆಯನ್ನು ಉಂಡೆ ಮಾಡಿ. ಸ್ವಲ್ಪ ವಾರ್ನಿಶ್ ಹತ್ತಿಸಿ. ಒಂದು ಬಾಗಿಲಿಗೆ ಅಡಿಕೆ ಗಾತ್ರ ಸಾಕು. ಮೊದಲು ಸುತ್ತು ಸುತ್ತಾಗಿ ತಿಕ್ಕಿ. ಎಲ್ಲ ಕಡೆ ಹತ್ತಿದ ಮೇಲೆ ಎಳೆಯ ಉದ್ದಕ್ಕೆ ಎಳೆದು ಸಮ ಮಾಡಿ. ಬೇರೆ ಒಣ ಅರಿವೆಯಿಂದ ಹೆಚ್ಚಾದದ್ದನ್ನು ಒರೆಸಿ. "ಎಲ್ಲಾ ಒರೆಸಿಬಿಟ್ರ ಏನು ಉಳೀತು?" ಅಂತ ಅನ್ನಿಸುತ್ತದೆ. ಉಳಿದಿರುತ್ತದೆ. ಅಷ್ಟೇ ಬೇಕಾದದ್ದು. ಮೂಲೆಗಳಲ್ಲಿ ಗಟ್ಟಿ ನಿಂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎತ್ತಿ ತೆಗೆಯಿರಿ. ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕಕ್ಕೆ ಹೋಗಿ. ಕಪಾಟಿಗೆಲ್ಲ ಬಳಿದು ಆಮೇಲೆ ಒರೆಸುತ್ತೇನೆ ಅಂದರೆ ಅಷ್ಟರಲ್ಲಿ ಅಂಟಾಗಿರುತ್ತದೆ.

ದಪ್ಪ ಹಚ್ಚಿದರೆ ಬೇಗ ಮುಗಿಯುತ್ತದೆ ಅಂತ ಆಸೆ ಬರುತ್ತದೆ. ಬೇಡ. ದಪ್ಪ ಹಚ್ಚಿದರೆ ಮೇಲೆ ಕೆನೆ ಕಟ್ಟುತ್ತದೆ. ಕೆನೆಯ ಕೆಳಗೆ ಹಸಿಯೇ ಉಳಿಯುತ್ತದೆ. ಗಾಳಿ ಒಳಗೆ ಹೋಗದೆ ಎಣ್ಣೆ ಹೇಗೆ ಗಟ್ಟಿ ಆದೀತು? ಆಮೇಲೆ ಸುಕ್ಕು ಬೀಳುತ್ತದೆ.

ಒಂದು ದಿನ ಪೂರ್ತಿ ಬಿಡಿ. ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? 220 ರ ಕಾಗದದಿಂದ ಒಂದು ಮೂಲೆಯಲ್ಲಿ ಮೆಲ್ಲಗೆ ತಿಕ್ಕಿ. ಬಿಳಿ ಪುಡಿ ಬಂದರೆ ಒಣಗಿದೆ. ಕಾಗದಕ್ಕೆ ಅಂಟಿಕೊಂಡರೆ ಇನ್ನೂ ಹಸಿ. ಇನ್ನೊಂದು ದಿನ ಕಾಯಿರಿ. ಒಣಗಿದ ಮೇಲೆ ಎಲ್ಲ ಕಡೆ ಮೆಲ್ಲಗೆ ತಿಕ್ಕಿ, ಪುಡಿ ಒರೆಸಿ, ಎರಡನೇ ಸಲ ಹಚ್ಚಿ. ಹಾಗೆಯೇ ಮೂರನೇ ಸಲ. ಕೊನೆಯ ಸಲ ಆದ ಮೇಲೆ ತಿಕ್ಕುವುದು ಬೇಡ.

ಹಿಟ್ಟು ನಾದುವ ಮರಿಗೆಗೆ, ಲಟ್ಟಣಿಗೆಗೆ ವಾರ್ನಿಶ್ ಹಚ್ಚಬೇಡಿ. ಅವು ಅನ್ನಕ್ಕೆ ಮುಟ್ಟುವ ಸಾಮಾನು. ಅವಕ್ಕೆ ತಿನ್ನುವ ಎಣ್ಣೆಯೇ ಸಾಕು, ಹಚ್ಚಿ ಒರೆಸಿದರಾಯಿತು.

ಒರೆಸಿದ ಅರಿವೆ ಎಲ್ಲಿಟ್ಟಿರಿ?

ಇದು ಬಹಳ ಮುಖ್ಯ. ನಿಧಾನವಾಗಿ ಓದಿ. ಪಕ್ಕದ ಮನೆಯವರಿಗೂ ಓದಿ ಹೇಳಿ.

ಅಗಸಿ ಎಣ್ಣೆ ಗಾಳಿ ಹೀರಿ ಗಟ್ಟಿ ಆಗುತ್ತದೆ ಅಂತ ಹೇಳಿದೆವು. ಹಾಗೆ ಗಟ್ಟಿ ಆಗುವಾಗ ಅದು ಬಿಸಿ ಆಗುತ್ತದೆ. ಕಪಾಟಿನ ಮೇಲೆ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಆದರೆ ಒರೆಸಿದ ಅರಿವೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ? ಹಸಿ ಮೇವಿನ ಬಣವೆ ಒಳಗೊಳಗೇ ಬಿಸಿ ಆಗುವುದನ್ನು ನೋಡಿದ್ದೀರಿ. ಇದೂ ಹಾಗೆಯೇ. ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಹೆಚ್ಚುತ್ತಾ ಹೋಗುತ್ತದೆ. ಕೆಲವು ತಾಸಿನಲ್ಲಿ ತಾನೇ ಬೆಂಕಿ ಹತ್ತಬಹುದು. ಕಡ್ಡಿ ಗೀರಬೇಕಾಗಿಲ್ಲ. ಕಿಡಿ ಬೇಕಾಗಿಲ್ಲ. ಎಲ್ಲರೂ ಮಲಗಿರುವಾಗ ಹತ್ತಬಹುದು. ನಮ್ಮ ಬೇಸಿಗೆಯ ಸೆಕೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಎಣ್ಣೆಯ ವಾರ್ನಿಶ್‌ಗೂ ಜೆಲ್ ವಾರ್ನಿಶ್‌ಗೂ ಇದು ಒಂದೇ.

ಅದಕ್ಕೆ ಕೆಲಸ ಮುಗಿದ ಕೂಡಲೇ ಅರಿವೆಗಳನ್ನು ಬಿಡಿಸಿ. ಒಂದೊಂದನ್ನೇ ಹೊರಗೆ ಪರಸಿ ಕಲ್ಲಿನ ಮೇಲೆ ನೆರಳಲ್ಲಿ ಹರಡಿ. ಒಂದರ ಮೇಲೆ ಒಂದು ಬೇಡ. ಗಾಳಿಗೆ ಹಾರದ ಹಾಗೆ ಕಲ್ಲು ಇಡಿ. ಪೂರ್ತಿ ಬಿರುಸಾಗುವ ತನಕ ಬಿಡಿ. ಹೊರಗೆ ಜಾಗ ಇಲ್ಲದಿದ್ದರೆ ಹಳೆಯ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಕಸದ ಬುಟ್ಟಿಗೆ ಹಸಿ ಅರಿವೆ ಹಾಕಲೇಬೇಡಿ.

ತಾರ್ಪಿನ್‌ದೂ ಒಂದು ಮಾತಿದೆ. ಅದನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಇಡಬೇಡಿ. ನೋಡಲು ನೀರಿನ ಹಾಗೆಯೇ ಇರುತ್ತದೆ. ಬಾಯಾರಿದ ಮಗು ಕುಡಿದೀತು. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ. ಇದನ್ನು ಗಟ್ಟಿಯಾಗಿ ನೆನಪಿಡಿ. ವಾಂತಿ ಆಗುವಾಗ ಅದು ಪುಪ್ಪಸಕ್ಕೆ ಇಳಿಯುತ್ತದೆ. ಅದೇ ಹೆಚ್ಚು ಅಪಾಯ. ಉಪ್ಪು ನೀರು, ಹಾಲು ಕುಡಿಸುತ್ತಾ ಕೂಡಬೇಡಿ. 108 ಕ್ಕೆ ಫೋನ್ ಮಾಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕುಡಿದ ಬಾಟಲಿಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.

ಹಚ್ಚಿದ ಮೇಲೆ

ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ. ಒಳಗೆ ಇನ್ನೂ ಗಟ್ಟಿ ಆಗುತ್ತಲೇ ಇರುತ್ತದೆ. ಮೂರು ದಿನ ಏನೂ ಇಡಬೇಡಿ. ಆಮೇಲೆ ಹಗುರ ಸಾಮಾನು ಇಡಬಹುದು. ಭಾರದ ಡಬ್ಬಿ, ಹಿತ್ತಾಳೆ ಕೊಡ ಇಡಲು ಮೂರು ವಾರ ಕಾಯಿರಿ. ನಮಗೆ ಹಲಗೆಯ ಮೇಲೆ ಪೇಪರ್ ಹಾಸುವ ರೂಢಿ ಇದೆ. ಆ ಮೂರು ವಾರ ಪೇಪರ್ ಬೇಡ. ಅಂಟಿಕೊಂಡು ಅಕ್ಷರವೆಲ್ಲ ಹಲಗೆಗೆ ಇಳಿಯುತ್ತದೆ. ವಾಸನೆ ಹೋಗುವ ತನಕ ಕಪಾಟಿನ ಬಾಗಿಲು ತೆರೆದಿಡಿ. ಹಸಿ ವಾರ್ನಿಶ್ ಇರುವ ಕೋಣೆಯಲ್ಲಿ ಕೂಸು ಮಲಗಿಸಬೇಡಿ.

ಆಮೇಲೆ ವರ್ಷಕ್ಕೊಮ್ಮೆ ನೋಡಿ. ಬೆರಳಿನಿಂದ ನಾಲ್ಕು ಹನಿ ನೀರು ಹಲಗೆಯ ಮೇಲೆ ಬಿಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಯಾಗಿ ನಿಂತರೆ ಪೊರೆ ಗಟ್ಟಿ ಇದೆ. ಹರಡಿ ಒಳಗೆ ಇಳಿದು ಕಪ್ಪು ಕಲೆ ಆದರೆ ಪೊರೆ ಸವೆದಿದೆ. ಆಗ ಎಲ್ಲ ಕೆರೆದು ತೆಗೆಯುವುದು ಬೇಡ. ಜಿಡ್ಡು ಒರೆಸಿ, 220 ರ ಕಾಗದದಿಂದ ಮೆಲ್ಲಗೆ ತಿಕ್ಕಿ, ಇನ್ನೊಂದು ಸಲ ಅರಿವೆಯಿಂದ ಹಚ್ಚಿದರೆ ಸಾಕು.

ಡಬ್ಬಿಯಲ್ಲಿ ವಾರ್ನಿಶ್ ಉಳಿದಿದ್ದರೆ ಅಂಚು ಒರೆಸಿ ಮುಚ್ಚಳ ಬಿಗಿಯಾಗಿ ಒತ್ತಿ. ಗಾಳಿ ಹೋದರೆ ಡಬ್ಬಿಯಲ್ಲೇ ಕೆನೆ ಕಟ್ಟುತ್ತದೆ. ಚೀಟಿಯ ಮೇಲೆ ತೆರೆದ ದಿನ ಬರೆದು ಅಂಟಿಸಿ. ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಬೇಡವಾದದ್ದನ್ನು ಮೋರಿಗೆ, ಬಾವಿಯ ಹತ್ತಿರ ಚೆಲ್ಲಬೇಡಿ. ಸ್ವಲ್ಪವೇ ಇದ್ದರೆ ಕಿಟಕಿಯ ಹೊರ ಬದಿಗೆ, ಮಂಚದ ಕಾಲಿನ ತಳಕ್ಕೆ ತಿಕ್ಕಿ ಮುಗಿಸಿ.